ಓದುಗರ ಪ್ರಶ್ನೆಗಳು: ಗಾಜಿನಂಥ ಪಾಕ, ಸಕ್ಕರೆಯ ಹೂವು

ಪ್ರಶ್ನೆ: ಬಣ್ಣದ ಗಾಜಿನಂತೆ ಕಾಣುವ ಸಕ್ಕರೆಯ ಎಲೆಗಳನ್ನು ಮಾಡಲು ನಾಲ್ಕು ಸಲ ಪ್ರಯತ್ನಿಸಿದೆ. ಮೂರು ಸಲ ಪಾಕವು ಪಾತ್ರೆಯಲ್ಲೇ ಮರಳು ಮರಳಾಯಿತು. ನಾಲ್ಕನೆಯ ಸಲ ಎಲೆಗಳು ಸೊಗಸಾಗಿ ಬಂದವು, ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಅಂಟಂಟಾಗಿ ಬಾಗಿದ್ದವು. ತಪ್ಪು ಎಲ್ಲಿದೆ?

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತಪ್ಪುಗಳಿರುವಂತೆ ತೋರುತ್ತದೆ. ಮೊದಲು ಮರಳಿನ ವಿಚಾರ ನೋಡೋಣ. ಕುದಿಯುವ ಪಾಕದಿಂದ ನೀರು ಆವಿಯಾದಂತೆಲ್ಲ, ಉಳಿದ ನೀರು ಹಿಡಿದಿಟ್ಟುಕೊಳ್ಳಲಾರದಷ್ಟು ಸಕ್ಕರೆ ಅದರಲ್ಲಿ ಸೇರಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ಪಾತ್ರೆಯ ಅಂಚಿಗೆ ಅಂಟಿಕೊಂಡಿದ್ದ ಕರಗದ ಒಂದು ಹರಳು ಒಳಗೆ ಬಿದ್ದರೂ ಸಾಕು, ಅದನ್ನೇ ಹಿಡಿದು ಇಡೀ ಪಾಕ ಹರಳುಗಟ್ಟುತ್ತದೆ. ಆದ್ದರಿಂದ ಸಕ್ಕರೆ ಪೂರ್ತಿ ಕರಗುವವರೆಗೆ ಮಾತ್ರ ಕೈಯಾಡಿಸಿ, ಕುದಿ ಬಂದ ಮೇಲೆ ಸೌಟನ್ನು ಹೊರಗಿಡಿ. ಪಾತ್ರೆಯ ಒಳಬದಿಯನ್ನು ಒದ್ದೆ ಬ್ರಷ್ಷಿನಿಂದ ಒರೆಸಿ, ಇಲ್ಲವೇ ಎರಡು ನಿಮಿಷ ಮುಚ್ಚಳ ಮುಚ್ಚಿದರೆ ಹಬೆಯೇ ಆ ಕೆಲಸ ಮಾಡುತ್ತದೆ. ಸಕ್ಕರೆಯ ತೂಕದ ನಾಲ್ಕನೆಯ ಒಂದು ಭಾಗದಷ್ಟು ಗ್ಲೂಕೋಸ್ ಸಿರಪ್ ಸೇರಿಸುವುದು ಇನ್ನೂ ಭದ್ರವಾದ ದಾರಿ, ಏಕೆಂದರೆ ಬೇರೆ ಆಕಾರದ ಆ ಅಣುಗಳು ನಡುವೆ ಅಡ್ಡ ನಿಂತು ಹರಳು ಬೆಳೆಯಲು ಬಿಡುವುದಿಲ್ಲ. ಕೆಲವು ಹನಿ ನಿಂಬೆರಸವೂ ಸಕ್ಕರೆಯ ಒಂದಿಷ್ಟು ಭಾಗವನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಇದೇ ಫಲವನ್ನು ಕೊಡುತ್ತದೆ, ಆದರೆ ಫ್ರಕ್ಟೋಸ್ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುವುದರಿಂದ ನಿಂಬೆ ಹೆಚ್ಚಾದರೆ ಎಲೆಗಳು ಅಂಟುತ್ತವೆ.

ಎಲೆಗಳು ಬಾಗಿದ್ದಕ್ಕೆ ಇದೊಂದು ಕಾರಣವಾಗಿರಬಹುದು. ಅದಕ್ಕಿಂತ ಹೆಚ್ಚಾಗಿ, ನೀವು ಪಾಕವನ್ನು ಬೇಗ ಇಳಿಸಿದ್ದೀರಿ ಎಂಬುದು ನನ್ನ ಅನುಮಾನ. ತಣ್ಣೀರಿಗೆ ಹಾಕಿದಾಗ ಮೆತ್ತನೆಯ ಉಂಡೆಯಾಗುವ ಪಾಕ ಸಿಗುವುದು ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಜಿನಂತೆ ಚಟಕ್ಕನೆ ಮುರಿಯುವ ಪಾಕಕ್ಕೆ 149ರಿಂದ 154 ಡಿಗ್ರಿ ಬೇಕು. ಆ ಹಂತದಲ್ಲಿ ಪಾಕದಲ್ಲಿ ಉಳಿಯುವ ನೀರು ನೂರಕ್ಕೆ ಒಂದು ಪಾಲಿನಷ್ಟೇ. ಮೊದಲು ನಿಧಾನವಾಗಿ ಏರುವ ಶಾಖವು ಕೊನೆಯ ಹತ್ತು ಡಿಗ್ರಿಗಳನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ದಾಟುತ್ತದೆಯಾದ್ದರಿಂದ, ಬೇಕಾದ ಶಾಖ ಬಂದೊಡನೆ ಪಾತ್ರೆಯ ತಳವನ್ನು ತಣ್ಣೀರಿಗೆ ತಾಗಿಸಿ ತಡೆಯಿರಿ. ಥರ್ಮಾಮೀಟರನ್ನು ಮೊದಲೇ ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಿ: ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಪಾಕದ ಲೆಕ್ಕದಲ್ಲೂ ಅಷ್ಟನ್ನೇ ಕಳೆಯಬೇಕು. ಸಿದ್ಧವಾದ ಎಲೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದೊಡನೆ ಬೆವರುತ್ತವೆ. ಮಳೆ ಹಿಡಿದ ದಿನ ಈ ಕೆಲಸಕ್ಕೆ ಕೈಹಾಕದಿರುವುದೇ ಜಾಣತನ. ಇಷ್ಟು ಬಿಸಿಯ ಪಾಕ ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುತ್ತದೆ, ಹಾಗಾಗಿ ತಣ್ಣೀರಿನ ಬಟ್ಟಲೊಂದು ಪಕ್ಕದಲ್ಲಿರಲಿ ಮತ್ತು ಮಕ್ಕಳು ದೂರವಿರಲಿ.

ಪ್ರಶ್ನೆ: ಸಕ್ಕರೆ ಹಿಟ್ಟಿನಿಂದ ಗುಲಾಬಿ ಮಾಡುವಾಗ ದಳಗಳ ಅಂಚು ಬಿರುಕು ಬಿಡುತ್ತದೆ. ಹಿಟ್ಟನ್ನು ಇನ್ನಷ್ಟು ಮೆತ್ತಗೆ ಮಾಡಬೇಕೇ?

ಉತ್ತರ: ಬೇಡ, ಮೆತ್ತಗಾದರೆ ದಳ ನಿಲ್ಲುವುದೇ ಇಲ್ಲ. ಹಿಟ್ಟು ಕೈಗೆ ಅಂಟಿದಾಗಲೆಲ್ಲ ಮೇಲೆ ಪುಡಿಸಕ್ಕರೆ ಉದುರಿಸುತ್ತಾ ಹೋದರೆ ಅದು ಒಣಗಿ ಬಿರಿಯುತ್ತದೆ. ಪುಡಿಯ ಬದಲು ಬೆರಳಿಗೆ ಸ್ವಲ್ಪ ವನಸ್ಪತಿ ಸವರಿಕೊಳ್ಳಿ. ಹಿಟ್ಟಿಗೆ ಬಿಗಿ ಕೊಡುವುದು ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಪುಡಿಯಂತಹ ತಿನ್ನಬಹುದಾದ ಅಂಟು, ಅದು ತೇವ ಹೀರಿ ಹದಕ್ಕೆ ಬರಲು ಕೆಲವು ಗಂಟೆ ಬೇಕಾಗುವುದರಿಂದ ಹಿಂದಿನ ರಾತ್ರಿಯೇ ಕಲಸಿ ಮುಚ್ಚಿಡಿ. ಒಂದು ಸಲಕ್ಕೆ ಒಂದೇ ದಳದಷ್ಟು ಹಿಟ್ಟು ಹೊರಗಿರಲಿ. ದಳವನ್ನು ಮೆತ್ತನೆಯ ಸ್ಪಂಜಿನ ಮೇಲಿಟ್ಟು ಚಮಚದ ಬೆನ್ನಿನಿಂದ ಅಂಚನ್ನಷ್ಟೇ ತೆಳುವಾಗಿಸಿದರೆ ಅದು ತಾನಾಗಿ ಅಲೆಯಂತೆ ಮಡಿಯುತ್ತದೆ. ಹೊಸಬರು ಬಾದಾಮಿ ಮತ್ತು ಸಕ್ಕರೆಯ ಮಾರ್ಜಿಪಾನ್‌ನಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಬಾದಾಮಿಯ ಎಣ್ಣೆ ಅದನ್ನು ಬೇಗ ಒಣಗಲು ಬಿಡುವುದಿಲ್ಲ, ರುಚಿಯೂ ಮೇಲು.

ಪ್ರಶ್ನೆ: ಬೀಟ್‌ರೂಟ್ ರಸ ಕಾಯಿಸಿದಾಗ ಕಂದಿತು, ಕೆಂಪು ಎಲೆಕೋಸಿನ ರಸ ಮೊಟ್ಟೆಯ ಬಿಳಿಯ ಐಸಿಂಗ್‌ನಲ್ಲಿ ನೀಲಿಯಾಯಿತು. ಇವು ಕೆಟ್ಟಿವೆಯೇ?

ಉತ್ತರ: ಕೆಟ್ಟಿಲ್ಲ. ಬೀಟ್‌ರೂಟಿನ ಬಣ್ಣ ಶಾಖ ತಡೆಯದು, ಅದನ್ನು ಬೇಯಿಸದ ಐಸಿಂಗ್‌ಗೆ ಮೀಸಲಿಡಿ. ಎಲೆಕೋಸಿನ ಬಣ್ಣ ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿಯಾಗುತ್ತದೆ. ಮೊಟ್ಟೆಯ ಬಿಳಿ ಕ್ಷಾರ ಗುಣದ್ದು. ನಿಮಗೆ ಗುಲಾಬಿ ಬಣ್ಣವೇ ಬೇಕಿದ್ದರೆ ನಿಂಬೆರಸ ಹನಿಸಿ ನೋಡಿ. ನನ್ನನ್ನು ಕೇಳಿದರೆ, ಅಂಗಡಿಯ ಬಣ್ಣವಿಲ್ಲದೆ ಸಿಕ್ಕ ಆ ನೀಲಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತಿದ್ದೆ. ಹಸಿ ಮೊಟ್ಟೆಯ ಬದಲು ಪಾಶ್ಚರೀಕರಿಸಿದ ಬಿಳಿಯನ್ನು ಬಳಸಿ.

ಪ್ರಶ್ನೆ: ಹೊಳೆಯುವ ಚಿನ್ನದ ಪುಡಿಯ ಡಬ್ಬಿಯ ಮೇಲೆ ‘ವಿಷಕಾರಿಯಲ್ಲ’ ಎಂದಿದೆ. ಕೇಕಿಗೆ ಹಚ್ಚಬಹುದೇ?

ಉತ್ತರ: ಹಚ್ಚಬೇಡಿ. ‘ವಿಷಕಾರಿಯಲ್ಲ’ ಎಂದರೆ ತಿನ್ನಲು ತಯಾರಿಸಿದ್ದು ಎಂದಲ್ಲ. 2018ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್‌ನಲ್ಲಿ ಇಂಥ ಪುಡಿ ದಪ್ಪವಾಗಿ ಹಚ್ಚಿದ ಹುಟ್ಟುಹಬ್ಬದ ಕೇಕ್ ತಿಂದ ಮಕ್ಕಳು ವಾಂತಿಯಿಂದ ಬಳಲಿದರು. ಪರೀಕ್ಷಿಸಿದಾಗ ಅದರಲ್ಲಿ ತಾಮ್ರ ಹೇರಳವಾಗಿತ್ತು. ಡಬ್ಬಿಯ ಮೇಲೆ ತಿನ್ನಲು ಯೋಗ್ಯವೆಂದು ಸ್ಪಷ್ಟವಾಗಿ ಬರೆದಿದ್ದು, ಬಳಸಿದ ಪದಾರ್ಥಗಳ ಪಟ್ಟಿಯೂ ಇದ್ದರೆ ಮಾತ್ರ ಕೊಳ್ಳಿ. ಈಗ ಕೈಯಲ್ಲಿರುವ ಪುಡಿಯನ್ನು, ಬಡಿಸುವ ಮುನ್ನ ತೆಗೆದಿಡುವ ಅಲಂಕಾರದ ತುಂಡುಗಳಿಗೆ ಬಳಸಬಹುದು, ಅದೂ ಅವು ಕೇಕಿಗೆ ನೇರವಾಗಿ ತಾಗದಂತಿದ್ದರೆ.