ಅಪ್ಪನ ಡಾರ್ಕ್‌ರೂಮ್ ತೆರೆಯಬೇಕೆಂದ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತಂದೆ, ಮಗಳು ಇಬ್ಬರೂ ಓದಿ ಒಪ್ಪಿದ್ದಾರೆ.)

ಆಕೆಗೆ 27 ವರ್ಷ. ಮನೆ ಉಡುಪಿ ಹತ್ತಿರ, ಕೆಲಸ ಮಂಗಳೂರಿನ ಒಂದು ಕಂಪನಿಯಲ್ಲಿ. ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಮೊದಲ ದಿನ ಕೂತವರೇ, "ಮೇಡಂ, ನಾನು ಕೆಲಸ ಬಿಡ್ತೇನೆ. ರೀಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು, ನಾನೇ ತೊಳೆದು ಬದುಕ್ತೇನೆ. ಮನೆಯಲ್ಲಿ ಯಾರಿಗೂ ಅರ್ಥ ಆಗ್ತಿಲ್ಲ" ಎಂದರು.

ತಂದೆಗೆ ಹಿಂದೆ ಸಣ್ಣ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಫೋಟೋ, ಮದುವೆ, ಶಾಲೆಯ ಗ್ರೂಪ್ ಫೋಟೋ. ಡಿಜಿಟಲ್ ಬಂದ ಮೇಲೆ ಫಿಲಂ ತೊಳೆಯುವ ಕತ್ತಲೆ ಕೋಣೆಗೆ, ಅಂದರೆ ಡಾರ್ಕ್‌ರೂಮಿಗೆ, ಬೀಗ ಬಿತ್ತು. ಈಗ ಅಲ್ಲಿ ತೆಂಗಿನಕಾಯಿ ರಾಶಿ, ಅದರ ಹಿಂದೆ ನೆಗೆಟಿವ್‌ನಿಂದ ದೊಡ್ಡ ಪ್ರಿಂಟು ತೆಗೆಯುವ ಎನ್‌ಲಾರ್ಜರ್. ಮಗಳು ಆ ಕೋಣೆಯ ಮಾತೆತ್ತಿದರೆ ತಂದೆ ಎದ್ದು ಹೊರಗೆ ಹೋಗುತ್ತಿದ್ದರು. ತಾಯಿಗೆ ಮಗಳ ಮದುವೆಯದೇ ಚಿಂತೆ.

ನಾನು ಮೊದಲು ದುಡ್ಡಿನ ಲೆಕ್ಕ ಕೇಳಿದೆ. 36 ಫೋಟೋದ ಒಂದು ಕಪ್ಪು-ಬಿಳುಪು ರೋಲಿಗೆ ಆಕೆ ಸಾವಿರ ರೂಪಾಯಿಯ ಹತ್ತಿರ ಕೊಡುತ್ತಿದ್ದರು. ಉಳಿತಾಯ ಆರು ತಿಂಗಳಿಗೆ ಸಾಕಾಗುವಷ್ಟು. 'ಫಿಲಂ ಫೋಟೋಗ್ರಾಫರ್' ಅನ್ನುವ ಒಂದೇ ಹೆಸರಿನ ಕೆಲಸವನ್ನು ಹುಡುಕುತ್ತಿದ್ದರು. ಅಂಥ ನೌಕರಿ ನಮ್ಮ ಕಡೆ ನನಗಂತೂ ಕಂಡಿಲ್ಲ. ಅದನ್ನು ನೇರವಾಗಿಯೇ ಹೇಳಿದೆ. ಆಮೇಲೆ, "ಹೆಸರು ಬಿಡಿ, ನಿಮ್ಮ ಕೈಗೆ ಎಂತೆಲ್ಲ ಬರ್ತದೆ?" ಎಂದು ಕೇಳಿದೆ.

ಹೇಳುತ್ತಾ ಹೋದಂತೆ ಒಂದು ಸಂಗತಿ ಬಂತು. ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಬೂಷ್ಟು ಹಿಡಿದ ನೆಗೆಟಿವ್‌ಗಳ ಡಬ್ಬಿ ಸಿಕ್ಕಿತ್ತಂತೆ. ಅದರಿಂದ ತೀರಿಹೋದ ಅಜ್ಜಿಯ ಮುಖವನ್ನು ಆಕೆ ಉಳಿಸಿಕೊಟ್ಟಿದ್ದರು. ಅದನ್ನು ಕೆಲಸ ಅಂತ ಆಕೆ ಲೆಕ್ಕಕ್ಕೇ ಹಿಡಿದಿರಲಿಲ್ಲ! ನೆಗೆಟಿವ್ ಮೇಲಿನ ಪದರ ಜೆಲಟಿನ್‌ನದು, ಬೂಷ್ಟಿಗೆ ಅದೇ ಊಟ. ನಮ್ಮ ಮಳೆಗಾಲದ ತೇವ ಗೊತ್ತಲ್ಲ, ಇಲ್ಲಿ ಎಷ್ಟು ಮನೆಗಳ ಡಬ್ಬಿಯಲ್ಲಿ ಹೀಗೆ ಮುಖಗಳು ಕರಗುತ್ತಿರಬಹುದು! ಬೂಷ್ಟು ಹಿಡಿದ ಜಾಗದಲ್ಲಿ ಆ ಪದರ ನೀರಿಗೆ ಕರಗುವಷ್ಟು ಮೆತ್ತಗಾಗಿರುತ್ತದೆ. ಗೊತ್ತಿಲ್ಲದೆ ನೀರಲ್ಲಿ ತೊಳೆದರೆ ಚಿತ್ರವೇ ಹೋಯಿತು. ಈ ಎಚ್ಚರ ಇರುವ ಕೈಗೆ ಕರಾವಳಿಯಲ್ಲಿ ಬೇಡಿಕೆ ಇದ್ದೇ ಇದೆ ಎಂದು ನನಗೆ ಬಲವಾಗಿ ಅನಿಸಿತು.

ಇನ್ನು ತಂದೆ. "ಬಾಗಿಲು ತೆರೆಯಿರಿ ಅಂತ ಕೇಳಬೇಡಿ. ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ" ಎಂದೆ. ಆಕೆ ಕೇಳಿದ ಪ್ರಶ್ನೆ ಚೆನ್ನಾಗಿತ್ತು: ಡೆವಲಪರ್ (ಫಿಲಂನಲ್ಲಿ ಚಿತ್ರ ಮೂಡಿಸುವ ದ್ರಾವಣ) 20 ಡಿಗ್ರಿ ಇರಬೇಕು ಅಂತಾರೆ, ನಮ್ಮ ನಲ್ಲಿಯ ನೀರೇ 27, 28 ಇರ್ತದೆ, ನೀವು ಹೇಗೆ ಮಾಡ್ತಿದ್ರಿ? ಬಿಸಿ ಜಾಸ್ತಿಯಾದರೆ ಫಿಲಂನಲ್ಲಿ ಚಿತ್ರ ಬೇಗ ಮೂಡಿಬಿಡುತ್ತದೆ. ಏಳೂವರೆ ನಿಮಿಷದ ಕೆಲಸ ನಾಲ್ಕೈದು ನಿಮಿಷಕ್ಕೆ ಇಳಿದರೆ ಕಲೆ ಬೀಳುವ ಭಯ. ತಂದೆ ಅಂದು ಎದ್ದು ಹೋಗಲಿಲ್ಲ. ಮಲ್ಪೆಯಿಂದ ಮೀನಿಗೆ ಹಾಕುವ ಮಂಜುಗಡ್ಡೆ ತಂದು, ಬಕೆಟಿನ ನೀರಲ್ಲಿ ಬಾಟಲಿ ಇಟ್ಟು ತಣಿಸುತ್ತಿದ್ದುದನ್ನು ತುಳುವಿನಲ್ಲಿ ಒಂದು ಗಂಟೆ ವಿವರಿಸಿದರಂತೆ.

ಮೂರನೇ ಸಲ ಅವರೂ ಬಂದರು. "ಹೈಪೋ (ಮೂಡಿದ ಚಿತ್ರವನ್ನು ಮಾಸದಂತೆ ಉಳಿಸುವ ದ್ರಾವಣ) ವಾಸನೆ ಬಂದ್ರೆ ಈಗಲೂ ಹೊಟ್ಟೆಯೊಳಗೆ ಎಂತದೋ ಆಗ್ತದೆ ಮೇಡಂ. ನಾನು ಸೋತ ಕೋಣೆ ಅದು" ಎಂದರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ 'ಇಂದು' ಬ್ರಾಂಡಿನ ಮಾಲು ಬಳಸಿದವರು ಅವರು. ಸರಕಾರದ ಆ ಕಾರ್ಖಾನೆಯೇ ಮುಚ್ಚಿತು, 2012ರಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು, ಒಬ್ಬರ ಸ್ಟುಡಿಯೋ ಅದನ್ನೆಲ್ಲ ತಡೆಯಲು ಆಗುತ್ತಿತ್ತಾ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ನಾನೂ ಮಾತಾಡಿಸಲಿಲ್ಲ.

ನನ್ನ ಸಲಹೆ ಹೀಗಿತ್ತು. ಕೆಲಸ ಈಗ ಬಿಡಬೇಡಿ. ಒಂದು ವರ್ಷ ಶನಿವಾರ, ಭಾನುವಾರ ಮಾತ್ರ ಇದಕ್ಕೆ. ಸಂಪಾದನೆಯನ್ನು ನಮ್ಮ ಊರಿನ ಕಾಲಕ್ಕೆ ತಕ್ಕಂತೆ ಹಂಚಿಕೊಳ್ಳಿ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಬಿಸಿಲೂ ಇಲ್ಲ. ಆಗ ಹಳೆಯ ನೆಗೆಟಿವ್ ಉಳಿಸುವ, ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ತೆಗೆಯುವ ಕೆಲಸ. ಮಳೆ ನಿಂತ ಮೇಲೆ ಮಣಿಪಾಲದಲ್ಲಿ ಓದುವ ಮಕ್ಕಳಿಗೆ ತರಗತಿ. ಸಯನೋಟೈಪ್‌ನಿಂದ ಶುರು ಮಾಡಬಹುದು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಆ ನೀಲಿ ಚಿತ್ರಕ್ಕೆ ಡಾರ್ಕ್‌ರೂಮೇ ಬೇಡ, ನಮ್ಮ ಬಿಸಿಲು ಸಾಕು. ಮದುವೆಯ ಕಾಲದಲ್ಲಿ, ಕೇಳಿದವರಿಗೆ ಒಂದೆರಡು ರೋಲ್, ಕೈಯಲ್ಲೇ ಮಾಡಿದ ಪ್ರಿಂಟು. ಭೂತಕೋಲದ ಮೇಲೊಂದು ಚಿತ್ರಸರಣಿ ಮಾಡುವ ಆಸೆ ಆಕೆಗೆ. ಮನೆತನದವರ ಒಪ್ಪಿಗೆ ಪಡೆದು ಮಾಡಿ, ಆದರೆ ಅದನ್ನು ಸಂಪಾದನೆಗೆ ಸೇರಿಸಬೇಡಿ ಎಂದೆ. ಬೇರೆಯವರ ಮನೆಯ ಫೋಟೋ ಕೇಳದೆ ಎಲ್ಲೂ ಹಾಕಬಾರದು ಎಂದೂ ಹೇಳಿದೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿದ್ದೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಅಂಗಳಕ್ಕೆ ಚೆಲ್ಲಬಾರದು, ಕುಡಿಯುವ ಬಾವಿ ಅಲ್ಲೇ ಇದೆ. ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಕೊಡಬೇಕು. ಡೆವಲಪರ್‌ನಲ್ಲಿರುವ ಮೆಟಾಲ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಆಕೆಯ ಬೆರಳ ಸಂದಿ ಆಗಲೇ ಕೆಂಪಾಗಿತ್ತು. ಗ್ಲೌಸ್ ಮತ್ತು ಎಕ್ಸಾಸ್ಟ್ ಫ್ಯಾನ್ ಬಂದ ಮೇಲೆಯೇ ಕೋಣೆ ಶುರು ಎಂದು ಮೂವರೂ ಒಪ್ಪಿಕೊಂಡೆವು.

ಈಗ ಏಳು ತಿಂಗಳಾಯಿತು. ತೆಂಗಿನಕಾಯಿ ಹಟ್ಟಿಗೆ ಹೋಗಿದೆ. ಪ್ರತಿ ಕೆಲಸಕ್ಕೆ ಹಿಡಿದ ಗಂಟೆ, ಬಂದ ದುಡ್ಡು ಬರೆಯಲು ಹೇಳಿದ್ದ ಪುಸ್ತಕವನ್ನು ಕಳೆದ ವಾರ ತಂದಿದ್ದರು. ನೆಗೆಟಿವ್ ಕೆಲಸ ಎಲ್ಲಕ್ಕಿಂತ ಮುಂದಿದೆ. ಸ್ವಂತ ಫೋಟೋಗಳ ಪುಟದಲ್ಲಿ ಖರ್ಚೇ ಖರ್ಚು. ಆ ಪುಟ ತೋರಿಸುವಾಗ ಆಕೆಯ ಕಣ್ಣು ತುಂಬಿತು. ನಿಲ್ಲಿಸಬೇಡಿ, ತಿಂಗಳಿಗೆ ಎರಡು ರೋಲ್ ಅಂತ ಮಿತಿ ಹಾಕಿಕೊಳ್ಳಿ ಎಂದೆ. ತಾಯಿ ಇನ್ನೂ ಒಪ್ಪಿಲ್ಲ. ಮುಂದಿನ ಸಲ ಅವರನ್ನೂ ಕರೆತರುತ್ತಾರೆ.

ನೆಗೆಟಿವ್ ದರದ ಪುಟದಲ್ಲಿ ಮಗಳು ಬರೆದ ಮೊತ್ತದ ಪಕ್ಕ ಬೇರೆ ಅಕ್ಷರ ಇತ್ತು, ಪೆನ್ಸಿಲಿನಲ್ಲಿ: "ಇಷ್ಟು ಕಡಿಮೆಗೆ ಮಾಡಬೇಡ."