ಹೊಸ ಅನುವಾದಗಳಲ್ಲಿ ವಚನಗಳನ್ನು ತೆಗೆದುಹಾಕಿದ್ದಾರೆಯೇ? ಯಾವ ಬೈಬಲನ್ನು ನಂಬಬೇಕು?

ಅಪೊಸ್ತಲರ ಕೃತ್ಯಗಳು 8ನೆಯ ಅಧ್ಯಾಯದಲ್ಲಿ 36ನೆಯ ವಚನ ಮುಗಿದ ಕೂಡಲೇ 38 ಬಂದಿರುವುದನ್ನು ಕಂಡು ನೀವು ಗಾಬರಿಗೊಂಡಿದ್ದೀರಿ. ಹೊಸ ಅನುವಾದದವರು ದೇವರ ವಾಕ್ಯಕ್ಕೆ ಕತ್ತರಿ ಹಾಕಿದ್ದಾರೆ, 1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲ್ ಒಂದೇ ಶುದ್ಧ ಎಂದು ನಿಮ್ಮ ಸಭೆಯ ಹಿರಿಯರು ಹೇಳಿದರೆಂದೂ ಬರೆದಿದ್ದೀರಿ. ಆ ಮಾತು ಸರಿಯಲ್ಲ. ಎಷ್ಟೋ ವಿಶ್ವಾಸಿಗಳ ಮನಸ್ಸನ್ನು ಅದು ಸುಮ್ಮನೆ ಕಲಕುತ್ತಿದೆ ಎಂಬ ಸಂಕಟದಿಂದಲೇ ಇಷ್ಟು ಬರೆಯುತ್ತಿದ್ದೇನೆ.

ವಚನಗಳಿಗೆ ಸಂಖ್ಯೆ ಕೊಟ್ಟವರು ಅಪೊಸ್ತಲರಲ್ಲ. ಹೊಸ ಒಡಂಬಡಿಕೆಯಲ್ಲಿ ಇಂದು ನಾವು ಬಳಸುವ ಸಂಖ್ಯೆಗಳು 1551ರಲ್ಲಿ ಮುದ್ರಕ ರಾಬರ್ಟ್ ಎಸ್ಟಿಯೆನ್ ಹಾಕಿದವು. ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್; ಆಗ ಬಳಕೆಯಲ್ಲಿದ್ದ ಅದರ ಗ್ರೀಕ್ ಪಠ್ಯವನ್ನು ಮೊದಲು ಪ್ರಕಟಿಸಿದವನು ಡಚ್ ವಿದ್ವಾಂಸ ಎರಾಸ್ಮಸ್, 1516ರಲ್ಲಿ. ಅವನ ಕೈಯಲ್ಲಿದ್ದದ್ದು ಬೆರಳೆಣಿಕೆಯ, ತೀರಾ ತಡವಾದ ಕಾಲದ ಹಸ್ತಪ್ರತಿಗಳು. ಬೈಬಲ್‌ನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಕೊನೆಯ ಹಾಳೆಯೇ ಅವನ ಪ್ರತಿಯಲ್ಲಿ ಇಲ್ಲದ್ದರಿಂದ ಆ ವಚನಗಳನ್ನು ಅವನು ಲ್ಯಾಟಿನ್‌ನಿಂದ ಗ್ರೀಕ್‌ಗೆ ತಿರುಗಿಸಿ ತುಂಬಿದ. ಇಥಿಯೋಪ್ಯದ ಅಧಿಕಾರಿಯಾದ ಕಂಚುಕಿಯು ದೀಕ್ಷಾಸ್ನಾನಕ್ಕೆ ಮುನ್ನ ತನ್ನ ನಂಬಿಕೆಯನ್ನು ಅರಿಕೆಮಾಡುವ ಆ 37ನೆಯ ವಚನ ಅವನಿಗೆ ಸಿಕ್ಕಿದ್ದು ಒಂದು ಪ್ರತಿಯ ಅಂಚಿನಲ್ಲಿ. ನಾಲ್ಕನೆಯ ಶತಮಾನದ ಸಿನಾಯಿ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಅದು ಇಲ್ಲ. ಹಾಗಾಗಿ ಇಂದಿನ ಅನುವಾದಕರು ವಚನವನ್ನು ಅಡಿಟಿಪ್ಪಣಿಗೆ ಇಳಿಸಿ, ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಓಲೆಗರಿಗಳನ್ನು ಹೋಲಿಸಿ ನಮ್ಮ ಕನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಪ್ರಕ್ಷಿಪ್ತ, ಅಂದರೆ ಯಾರೋ ಆಮೇಲೆ ಸೇರಿಸಿದ, ಪದ್ಯಗಳನ್ನು ಬೇರ್ಪಡಿಸಿದ್ದೂ ಹೀಗೆಯೇ.

1 ಯೋಹಾನ 5:7ರದ್ದು ಇನ್ನೂ ಸ್ಪಷ್ಟ ಉದಾಹರಣೆ. ಪರಲೋಕದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಸಾಕ್ಷಿ ಹೇಳುತ್ತಾರೆ ಎಂಬ ಮಾತು ಎರಾಸ್ಮಸ್‌ನ ಮೊದಲ ಎರಡು ಮುದ್ರಣಗಳಲ್ಲಿ ಇರಲಿಲ್ಲ. ಟೀಕೆಗಳ ಸುರಿಮಳೆಯಾಯಿತು, ಆ ಮಾತುಳ್ಳ ಒಂದು ಗ್ರೀಕ್ ಪ್ರತಿಯನ್ನೂ ಮುಂದಿಟ್ಟರು. 1522ರ ಮೂರನೆಯ ಮುದ್ರಣದಲ್ಲಿ ಅವನು ಅದನ್ನು ಸೇರಿಸಿದ. ಕಿಂಗ್ ಜೇಮ್ಸ್‌ಗೆ ಅದು ಬಂದದ್ದು ಈ ದಾರಿಯಲ್ಲಿ. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂಬ ತ್ರಯೇಕತ್ವದ ಬೋಧನೆಗೆ ಇದರಿಂದ ಕುಂದೇನೂ ಇಲ್ಲ. ನಾಲ್ಕನೆಯ ಶತಮಾನದ ಸಭೆ ಅದನ್ನು ನಿರ್ಣಯಿಸಿದ್ದು ಈ ವಚನದ ಬಲದಿಂದಲ್ಲ.

 

ಹಾಗೆಂದು ಎಲ್ಲ ಅನುವಾದಗಳೂ ಒಂದೇ ಎನ್ನಲಾರೆ. ಅನುವಾದಕರು ಯಾರು, ಬೇರೆ ಬೇರೆ ಸಭೆಗಳ ವಿದ್ವಾಂಸರು ಕೂಡಿ ಮಾಡಿದ್ದೇ, ಹಸ್ತಪ್ರತಿಗಳಲ್ಲಿ ಮಾತು ಬೇರೆ ಬೇರೆಯಿದ್ದಲ್ಲಿ ಟಿಪ್ಪಣಿ ಕೊಟ್ಟಿದ್ದಾರೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಯೆಹೋವನ ಸಾಕ್ಷಿಗಳ ನೂತನ ಲೋಕ ಭಾಷಾಂತರ ಹೊರಬಂದಾಗ ಅನುವಾದಕರ ಹೆಸರನ್ನೇ ಪ್ರಕಟಿಸಲಿಲ್ಲ. ಯೋಹಾನ 1:1ರಲ್ಲಿ ಅವರ ಸಿದ್ಧಾಂತಕ್ಕೆ ತಕ್ಕ ಅರ್ಥ ಬರುವಂತೆ ಅನುವಾದವೂ ಇದೆ. ಅದನ್ನು ಅಧ್ಯಯನಕ್ಕೆ ಆಧಾರವಾಗಿ ನಾನು ಇಟ್ಟುಕೊಳ್ಳುವುದಿಲ್ಲ.

ಕನ್ನಡದ ಪೂರ್ಣ ಬೈಬಲ್ ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ನಮ್ಮ ಕೈಗೆ ಬಂತು. ಅಂದಿನಿಂದ ಇಂಗ್ಲಿಷ್ ಅಕ್ಷರವನ್ನೇ ಅರಿಯದ ಎಷ್ಟು ಅಜ್ಜಿಯರು ಸತ್ಯವೇದವನ್ನು ಎದೆಗೊತ್ತಿಕೊಂಡು ಬದುಕಿದರು! ಅವರಿಗೆ ಸಿಕ್ಕಿದ್ದು ಅಪೂರ್ಣ ವಾಕ್ಯ ಎನ್ನಲು ಯಾರಿಗೆ ಮನಸ್ಸು ಬಂದೀತು?

ಹಿರಿಯರೊಂದಿಗೆ ವಾದಕ್ಕೆ ಇಳಿಯಬೇಡಿ. 1611ರ ಮೂಲ ಮುದ್ರಣದ ಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಲೂಕ 17:36ರ ಪಕ್ಕದ ಅಂಚನ್ನು ಇಬ್ಬರೂ ಕೂಡಿ ನೋಡಿ. ಈ ವಚನ ಬಹುಪಾಲು ಗ್ರೀಕ್ ಪ್ರತಿಗಳಲ್ಲಿ ಇಲ್ಲವೆಂದು ಕಿಂಗ್ ಜೇಮ್ಸ್ ಅನುವಾದಕರೇ ಅಲ್ಲಿ ಅಚ್ಚು ಹಾಕಿಸಿದ್ದಾರೆ.