‘ಅಮ್ಮನಿಗೆ ಫೋನ್ ಕೊಡಮ್ಮಾ’

ನನ್ನ ಹತ್ತಿರ ಸಲಹೆಗೆ ಬಂದ ಹತ್ತನೇ ಕ್ಲಾಸಿನ ಹುಡುಗ. ಕಿರಣ ಅಂತಿಟ್ಟುಕೊಳ್ಳೋಣ, ಊರು-ಹೆಸರು ಎಲ್ಲ ಬದಲಿಸಿದ್ದೇನೆ. ವಯಸ್ಸು 15 ದಾಟಿದೆ, ಎತ್ತರ 146 ಸೆಂಟಿಮೀಟರ್. ತಾಯಿ ಹೇಳಿದ ದೂರೇ ಬೇರೆ: ‘ಪಿ.ಟಿ. ಇರುವ ದಿನ ಹೊಟ್ಟೆನೋವು ಅಂತ ಮಲಗಿಬಿಡ್ತಾನೆ ಮೇಡಂ. ಮನೆ ಫೋನನ್ನೂ ಎತ್ತಲ್ಲ.’

ಅವರನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಮಾತಾಡಿದೆ. ಫೋನಿನ ವಿಷಯವೇ ಮೊದಲು ಬಂತು. ‘ಹಲೋ ಅಂದ್ರೆ ಸಾಕು, ಅಮ್ಮನಿಗೆ ಫೋನ್ ಕೊಡಮ್ಮಾ ಅಂತಾರೆ.’ ಧ್ವನಿ ಒಡೆದಿಲ್ಲ, ಮೀಸೆ ಚಿಗುರಿಲ್ಲ. ಕಬಡ್ಡಿಗೆ ಶರ್ಟ್ ಬಿಚ್ಚಬೇಕು ಅಂತ ಆಟ ಬಿಟ್ಟಿದ್ದಾನೆ. ರಾತ್ರಿ ಹೊದಿಕೆಯೊಳಗೆ ಮೊಬೈಲಲ್ಲಿ ಹುಡುಕಿ, ಸಿಕ್ಕಿದ್ದನ್ನೆಲ್ಲ ನಂಬಿದ್ದಾನೆ. ಪಾಕೆಟ್ ಮನಿ ಕೂಡಿಟ್ಟು ಹೈಟ್ ಜಾಸ್ತಿ ಮಾಡುವ ಪುಡಿ ತರಿಸಿದ್ದಾನೆ. ಕೊನೆಗೆ ಕೇಳಿದ, ‘ನಾನು ಗಂಡಸಾಗಲ್ವಾ ಮೇಡಂ?’

‘ಆಗೇ ಆಗ್ತೀಯ’ ಅಂತ ಬೆನ್ನು ತಟ್ಟಿ ಕಳಿಸೋದು ಸುಲಭ. ನಾನು ಹಾಗೆ ಹೇಳಲಿಲ್ಲ, ಯಾಕಂದ್ರೆ ಪರೀಕ್ಷೆ ಆಗದೆ ಅದು ನನಗೂ ಗೊತ್ತಿರಲಿಲ್ಲ. ಹುಡುಗರಲ್ಲಿ ಪ್ರಾಯಕ್ಕೆ ಬರುವ ಈ ಬದಲಾವಣೆ 9ರಿಂದ 14ರೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಮೊದಲ ಗುರುತು ಮೀಸೆಯಲ್ಲ, ವೃಷಣ ದಪ್ಪವಾಗುವುದು. 14 ತುಂಬಿದರೂ ಅದಾಗಿಲ್ಲ ಅಂದರೆ ಡಾಕ್ಟರ್ ನೋಡಬೇಕು. ಇಷ್ಟನ್ನು ಅವನಿಗೆ ಹೇಳಿದೆ. ಪರೀಕ್ಷೆ ಹೇಗಿರುತ್ತೆ ಅನ್ನೋದನ್ನೂ ಮೊದಲೇ ತಿಳಿಸಿದೆ. ಡಾಕ್ಟರ ಹತ್ತಿರ ಸಣ್ಣದರಿಂದ ದೊಡ್ಡದಕ್ಕೆ ಪೋಣಿಸಿದ ಮಣಿಸರ ಇರುತ್ತೆ. 1 ಮಿಲಿಲೀಟರಿನಿಂದ 25ರವರೆಗೆ ನಂಬರ್ ಇರುತ್ತೆ. ಒಂದು ಕೈಯಲ್ಲಿ ಮಣಿ ಹಿಡಿದು, ಇನ್ನೊಂದು ಕೈಯಲ್ಲಿ ವೃಷಣ ಮುಟ್ಟಿ ಹೋಲಿಸುತ್ತಾರೆ. 4 ಬಂದರೆ ಶುರುವಾಗಿದೆ ಅಂತ ಲೆಕ್ಕ. ‘ಅಮ್ಮ ಒಳಗೆ ಬರಬಾರದು’ ಅಂದ. ಸರಿ, ಬರಲ್ಲ ಅಂದೆ.

ಆಮೇಲೆ ತಂದೆ-ತಾಯಿಯನ್ನು ಕೂರಿಸಿಕೊಂಡೆ. ಮನೆಯಲ್ಲಿ ಯಾರಿಗಾದರೂ ತಡವಾಗಿತ್ತಾ? ತಂದೆ ‘ಇಲ್ಲ’ ಅಂದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಎಸ್ಸೆಸ್ಸೆಲ್ಸಿ ಮುಗಿದ ಮೇಲೇ ದೊಡ್ಡವಳಾಗಿದ್ದು. ಇವರಿಗೂ ಹೇಳಿರಲಿಲ್ಲ’ ಅಂದರು. ತಡ ಅನ್ನೋದು ತಂದೆ ಕಡೆಯಿಂದಲೇ ಬರಬೇಕು ಅಂತೇನಿಲ್ಲ. ಈ ಮಾತನ್ನು ಡಾಕ್ಟರಿಗೂ, ಅದಕ್ಕಿಂತ ಮುಖ್ಯವಾಗಿ ಮಗನಿಗೂ ಹೇಳಿ ಅಂತ ಸಲಹೆ ಕೊಟ್ಟೆ. ಪುಡಿ ಇವತ್ತೇ ನಿಲ್ಲಿಸಿ ಅಂದೆ.

ಹಾರ್ಮೋನ್ ತಜ್ಞರು ಎಡಗೈಯ ಎಕ್ಸ್-ರೇ ತೆಗೆಸಿದರು. ಮೂಳೆಯ ವಯಸ್ಸು ಹನ್ನೆರಡೂವರೆ. ಅಂದರೆ ಬೆಳೆಯಲು ಇನ್ನೂ ಜಾಗ ಇದೆ. ಮಣಿಸರದಲ್ಲಿ 3. ಥೈರಾಯ್ಡ್, ರಕ್ತಹೀನತೆ, ಗೋಧಿ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ, ಎಲ್ಲ ನೋಡಿದರು. ‘ಒಗ್ಗರಣೆ ವಾಸನೆ ಬರುತ್ತಾ?’ ಅಂತ ಕೇಳಿದ್ದು ಹುಡುಗನಿಗೆ ನಗು ತರಿಸಿತಂತೆ. ಆ ಪ್ರಶ್ನೆ ತಮಾಷೆಯದ್ದಲ್ಲ. ಕಾಲ್ಮನ್ ಸಿಂಡ್ರೋಮ್ ಇದ್ದವರಿಗೆ ಈ ಬದಲಾವಣೆಯೂ ತಾನಾಗಿ ಬರಲ್ಲ, ಮೂಗಿಗೆ ವಾಸನೆಯೂ ಸರಿಯಾಗಿ ತಿಳಿಯಲ್ಲ. ಇವನಿಗೆ ಪಕ್ಕದ ಮನೆ ಮೀನು ಹುರಿದದ್ದೂ ಗೊತ್ತಾಗುತ್ತೆ.

ಕಾಯಿಲೆ ಏನೂ ಕಾಣಲಿಲ್ಲ. ದೇಹದ ಗಡಿಯಾರ ನಿಧಾನ, ಅಷ್ಟೇ. ಹುಡುಗರಲ್ಲಿ ಇದೇ ಅತಿ ಸಾಮಾನ್ಯ ಕಾರಣ. ಡಾಕ್ಟರ್ ಎರಡು ದಾರಿ ಹೇಳಿದರು. ಆರು ತಿಂಗಳು ಅಳತೆ ಹಾಕುತ್ತ ಕಾಯೋದು. ಇಲ್ಲಾಂದ್ರೆ ಕೆಲವು ತಿಂಗಳು, ತಿಂಗಳಿಗೊಂದರಂತೆ 50 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಅನ್ನೋ ಗಂಡು ಹಾರ್ಮೋನಿನ ಇಂಜೆಕ್ಷನ್. ತಾಯಿಗೆ ‘ಇಂಜೆಕ್ಷನ್ ಕೊಟ್ಟರೆ ಕುಳ್ಳಗೇ ಉಳಿದುಬಿಟ್ರೆ?’ ಅನ್ನೋ ಭಯ. ಜಿಮ್‌ನಲ್ಲಿ ಗುಟ್ಟಾಗಿ ಸಿಗುವ ಸ್ಟೀರಾಯ್ಡಿನಿಂದ ಮೂಳೆಯ ತುದಿ ಬೇಗ ಕೂಡಿಕೊಂಡು ಎತ್ತರ ಅಲ್ಲಿಗೇ ನಿಲ್ಲಬಹುದು. ತಜ್ಞರು ಅಳೆದು ಕೊಡುವ ಈ ಸಣ್ಣ ಡೋಸಿನಿಂದ ಕೊನೆಯ ಎತ್ತರ ಕಡಿಮೆಯಾಗಲ್ಲ.

ನನ್ನ ಅಭಿಪ್ರಾಯ ಕೇಳಿದರು. ಸ್ಕೂಲು ತಪ್ಪಿಸುವಷ್ಟು ನೊಂದ ಹುಡುಗನಿಗೆ ‘ತಾಳು’ ಅನ್ನೋದೊಂದೇ ಉತ್ತರ ಆಗಬಾರದು ಅಂದೆ. ಆದರೆ ತೀರ್ಮಾನ ಅವನದು. ಅವನು ಇಂಜೆಕ್ಷನ್‌ಗೆ ಹೂಂ ಅಂದ. ಪಿ.ಟಿ. ಮೇಷ್ಟ್ರಿಗೆ, ಹುಡುಗನ ಒಪ್ಪಿಗೆ ಪಡೆದು, ಇಷ್ಟೇ ಹೇಳಿದೆ: ಶರ್ಟ್ ಬಿಚ್ಚಿಸಬೇಡಿ, ಎತ್ತರದ ಪ್ರಕಾರ ಸಾಲಲ್ಲಿ ನಿಲ್ಲಿಸಬೇಡಿ. ನೆಂಟರಿಗೆ ಏನು ಹೇಳಬೇಕು ಅಂತ ತಾಯಿ ಕೇಳಿದ್ದಕ್ಕೆ, ಏನೂ ಹೇಳಬೇಕಾಗಿಲ್ಲ ಅಂದೆ.

ಹೆಣ್ಣುಮಕ್ಕಳ ತಾಯಂದಿರಿಗೆ ಇಲ್ಲೇ ಒಂದು ಮಾತು. 13 ತುಂಬಿದರೂ ಎದೆ ಬೆಳೆಯಲು ಶುರುವಾಗಿಲ್ಲ, ಅಥವಾ 15 ಆದರೂ ಮುಟ್ಟಾಗಿಲ್ಲ ಅಂದರೆ ‘ನಮ್ಮನೇಲಿ ಎಲ್ಲರಿಗೂ ತಡ’ ಅಂತ ಕೂರಬೇಡಿ. ಹುಡುಗಿ ಕುಳ್ಳಗೂ ಇದ್ದರೆ ಟರ್ನರ್ ಸಿಂಡ್ರೋಮ್ (ಎರಡು ಎಕ್ಸ್ ಕ್ರೋಮೋಸೋಮಿನಲ್ಲಿ ಒಂದು ಇಲ್ಲದಿರುವುದು ಅಥವಾ ಅರೆಬರೆ ಇರುವುದು) ಇರಬಹುದಾ ಅಂತ ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತಾರೆ. ಆ ಸಿಂಡ್ರೋಮ್ ಇದ್ದರೆ ಹೃದಯ, ಕಿಡ್ನಿಯನ್ನೂ ನೋಡಬೇಕಾಗುತ್ತೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಕೇಳಿ, ಅದು 10ರಿಂದ 19 ವರ್ಷದವರಿಗಾಗಿಯೇ ಇರೋದು.

ಕಿರಣನ ಇಂಜೆಕ್ಷನ್ ಮುಗಿದಿದೆ. ಕಳೆದ ಭೇಟಿಯಲ್ಲಿ ಮಣಿಸರದಲ್ಲಿ 6 ಬಂತು. ಹೊರಗಿನ ಟೆಸ್ಟೋಸ್ಟಿರೋನ್ ವೃಷಣವನ್ನು ಬೆಳೆಸಲ್ಲ, ಹಾಗಾಗಿ ಅವನ ದೇಹವೇ ಕೆಲಸ ಶುರು ಮಾಡಿದೆ ಅಂತ ಅರ್ಥ. ಸ್ಕೂಲಿಗೆ ಹೋಗುತ್ತಿದ್ದಾನೆ. ಕಬಡ್ಡಿಗೆ ಇನ್ನೂ ಹೋಗಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಆರು ತಿಂಗಳಿಗೆ ಮತ್ತೆ ಅಳತೆ ಇದೆ.